ನೆನೆದರೂ ಬೆಚ್ಚಗಿರಿ: ಮಳೆಗಾಲದ ಚಾರಣಕ್ಕೆ ಕೈಗೆಟುಕುವ ಸಜ್ಜು

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗ್ ಏರಿಸಿ ಘಟ್ಟದತ್ತ ಮುಖ ಮಾಡುತ್ತಾರೆ. ಕುದುರೆಮುಖ, ತಡಿಯಂಡಮೋಳ್, ಬಾಬಾಬುಡನ್‌ಗಿರಿ ಸಾಲು, ಆಗುಂಬೆ ಸುತ್ತಿನ ಕಾಡು, ಎಲ್ಲವೂ ಮೈದುಂಬಿಕೊಳ್ಳುವ ಕಾಲ ಅದು. ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ರೇನ್ ಜಾಕೆಟ್ ಕೊಳ್ಳಲಿ? ಅಂಗಡಿಯಲ್ಲಿ ಐನೂರು ರೂಪಾಯಿಯದೂ ಇದೆ, ಇಪ್ಪತ್ತು ಸಾವಿರದ್ದೂ ಇದೆ. ದುಡ್ಡಿಲ್ಲದವರು ದುಬಾರಿ ಜಾಕೆಟ್ಟಿನ ಬೆಲೆ ನೋಡಿ ಚಾರಣವೇ ನಮ್ಮಂಥವರಿಗಲ್ಲ ಎಂದು ಕೈಚೆಲ್ಲುತ್ತಾರೆ. ಇನ್ನು ಕೆಲವರು ಹೇಗೋ ಹೊಂದಿಸಿ ಅದನ್ನೇ ಕೊಂಡು, ಉಳಿದ ಸಾಮಾನಿಗೆ ಕಾಸಿಲ್ಲದೆ ಕಾಟನ್ ಬಟ್ಟೆಯಲ್ಲೇ ಬೆಟ್ಟ ಹತ್ತುತ್ತಾರೆ.

ಎರಡೂ ಬೇಡ. ನಮ್ಮ ಘಟ್ಟದ ಮಳೆಯಲ್ಲಿ ಒಂದು ಹನಿಯೂ ತಾಗದಂತೆ ದಿನವಿಡೀ ನಡೆಯುವುದು ಎಷ್ಟು ದುಡ್ಡು ಸುರಿದರೂ ಆಗುವ ಮಾತಲ್ಲ. ಆಗುವ ಮಾತು ಬೇರೆ ಇದೆ. ನಡೆಯುವಾಗ ನೆನೆದರೂ ಮೈ ತಣ್ಣಗಾಗದಂತೆ ನೋಡಿಕೊಳ್ಳಬಹುದು. ರಾತ್ರಿ ಮಲಗುವ ಹೊತ್ತಿಗೆ ಒಣಬಟ್ಟೆ, ಒಣಹಾಸಿಗೆ ಸಿಕ್ಕೇ ಸಿಗುವಂತೆ ಮಾಡಿಕೊಳ್ಳಬಹುದು. ಇದಕ್ಕೆ ಬೇಕಾದ ಸಾಮಾನು ಅಗ್ಗ. ಹಾಗಾಗಿ ಖರ್ಚು ಒಳಗಿನಿಂದ ಹೊರಕ್ಕೆ ಸಾಗಲಿ. ಮೊದಲು ಬ್ಯಾಗಿನೊಳಗಿನ ಒಣಬಟ್ಟೆ, ಆಮೇಲೆ ಮೈಗೆ ತಾಗುವ ಬಟ್ಟೆ, ಕಾಲು, ಸೂರು. ಎಲ್ಲಕ್ಕಿಂತ ಕೊನೆಗೆ ಜಾಕೆಟ್.

ಮಲೆನಾಡಿನ ಮಳೆಯ ಲೆಕ್ಕ ಬೇರೆ

ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಊರಿನಲ್ಲಿ ಮಳೆ ಬಂದರೆ ಅಂಗಡಿಯ ಮುಂಗಟ್ಟಿನಡಿ ಹತ್ತು ನಿಮಿಷ ನಿಂತರೆ ಮುಗಿಯಿತು. ಘಟ್ಟದಲ್ಲಿ ಹಿಡಿದ ಜಡಿಮಳೆ ಬೆಳಗಿನಿಂದ ಸಂಜೆಯವರೆಗೂ ಬಿಡದಿರಬಹುದು. ಶೋಲಾ ಕಾಡಿನೊಳಗೆ ನೆಟ್ಟಗೆ ಬೀಳುವ ಅದೇ ಮಳೆ, ಕಾಡು ದಾಟಿ ಹುಲ್ಲುಬೋಳಿಗೆ ಬಂದ ಕೂಡಲೇ ಗಾಳಿಗೆ ಸಿಕ್ಕಿ ಅಡ್ಡಕ್ಕೆ ರಾಚುತ್ತದೆ. ಕತ್ತು, ತೋಳು, ಜಿಪ್ಪಿನ ಸಂದು, ಎಲ್ಲಿ ದಾರಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ.

ಎರಡನೆಯದು ತೇವ. ಮಳೆಗಾಲದ ಘಟ್ಟದಲ್ಲಿ ಗಾಳಿ ತನಗೆ ಹಿಡಿಯುವಷ್ಟು ನೀರಾವಿಯನ್ನು ಆಗಲೇ ತುಂಬಿಕೊಂಡಿರುತ್ತದೆ. ‘ಉಸಿರಾಡುವ’ ಜಾಕೆಟ್ಟುಗಳು ಕೆಲಸ ಮಾಡುವುದು ಒಳಗಿನ ಆವಿಗೂ ಹೊರಗಿನ ಗಾಳಿಗೂ ಇರುವ ಅಂತರದ ಬಲದಿಂದ. ಒಳಗೆ ಬೆವರಿನ ಆವಿ ಹೆಚ್ಚಿದ್ದು, ಹೊರಗೆ ಒಣಗಾಳಿ ಇದ್ದರೆ ಆವಿ ಬಟ್ಟೆ ದಾಟಿ ಹೊರಹೋಗುತ್ತದೆ. ಹೊರಗೂ ಆವಿಯೇ ತುಂಬಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಗೋರ್‌ಟೆಕ್ಸ್ ಬಟ್ಟೆಯ ಮಳೆಜಾಕೆಟ್ಟುಗಳು 1970ರ ದಶಕದಿಂದ ಮಾರುಕಟ್ಟೆಯಲ್ಲಿವೆ. ಹಿಮದ ನಾಡಿನ ಒಣಚಳಿಯಲ್ಲಿ ಅವುಗಳ ಗುಣವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಬಟ್ಟೆ ಜುಲೈ ತಿಂಗಳ ಕುದುರೆಮುಖದ ಏರಿನಲ್ಲಿ ತನ್ನ ಬೆಲೆಗೆ ತಕ್ಕ ಕೆಲಸ ಮಾಡಲಾರದು. ಹೊರಗಿನ ಮಳೆ ತಡೆದರೂ ಒಳಗಿನ ಬೆವರು ಮೈಯನ್ನು ತೋಯಿಸುತ್ತದೆ.

ಮೂರನೆಯದು ಚಳಿ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮುಳ್ಳಯ್ಯನಗಿರಿಯ ತುದಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ ಸೆಕೆ ಇರುವಾಗಲೂ ಅಲ್ಲಿ ಮಳೆ, ಗಾಳಿ ಸೇರಿದರೆ ಹಲ್ಲು ಕಟಕಟಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಯ ಶಾಖ ಕದಿಯುತ್ತದೆ. ಹಿಮ ಬಿದ್ದರೆ ಮಾತ್ರ ಚಳಿಯಿಂದ ಅಪಾಯ ಎಂಬುದು ತಪ್ಪು ತಿಳಿವಳಿಕೆ. ಒದ್ದೆ ಬಟ್ಟೆ, ಬೀಸುವ ಗಾಳಿ, ದಣಿದ ಮೈ ಮೂರೂ ಕೂಡಿದರೆ 12-15 ಡಿಗ್ರಿಯಲ್ಲೂ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಮೊದಲ ಖರ್ಚು: ಬ್ಯಾಗಿನ ಒಳಗೆ ಒಂದು ಚೀಲ

ಚಾರಣದ ಬ್ಯಾಗಿನ ಜೊತೆ ಬರುವ ಬಣ್ಣದ ರೇನ್ ಕವರ್ ನೋಡಿ ನೆಮ್ಮದಿಯಾಗಿರಬೇಡಿ. ಅದು ಮುಚ್ಚುವುದು ಬ್ಯಾಗಿನ ಹೊರಮೈಯನ್ನು ಮಾತ್ರ. ಬೆನ್ನಿಗೆ ಅಂಟಿಕೊಂಡ ಬದಿ ಬಯಲಾಗಿಯೇ ಇರುತ್ತದೆ. ತಲೆಯಿಂದ, ಕತ್ತಿನಿಂದ ಇಳಿದ ನೀರು ಹೆಗಲ ಪಟ್ಟಿಯ ಗುಂಟ ಬೆನ್ನಿಗೆ ಬಂದು, ಹೊಲಿಗೆಯ ಮೂಲಕ ಒಳಗೆ ಹೋಗುತ್ತದೆ. ಕವರಿನ ಕೆಳಭಾಗದಲ್ಲಿ ಮಡುಗಟ್ಟಿ ಬ್ಯಾಗಿನ ತಳವನ್ನೇ ನೆನೆಸುತ್ತದೆ. ಗಿಡಗಂಟಿಗೆ ಸಿಕ್ಕಿ ಕವರ್ ಹರಿಯುವುದೂ, ಬೆಟ್ಟದ ನೆತ್ತಿಯ ಗಾಳಿಗೆ ಹಾರಿಹೋಗುವುದೂ ಅಪರೂಪವಲ್ಲ.

ಪರಿಹಾರ ಸುಲಭ. ಬ್ಯಾಗಿನ ಒಳಗೆ, ಅದರ ಗಾತ್ರಕ್ಕಿಂತ ದೊಡ್ಡದಾದ, ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹರಡಿ. ಸಾಮಾನೆಲ್ಲ ಅದರೊಳಗೆ ತುಂಬಿ, ಗಾಳಿ ಒತ್ತಿ ತೆಗೆದು, ಬಾಯನ್ನು ಹುರಿಮಾಡಿ ತಿರುಚಿ, ಮಡಚಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಪ್ಲಾಸ್ಟಿಕ್ ಅಂಗಡಿಗಳಲ್ಲಿ ಧಾನ್ಯ, ಬಟ್ಟೆ ತುಂಬಲೆಂದು ಮಾರುವ ದೊಡ್ಡ ದಪ್ಪ ಚೀಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಸ ತುಂಬುವ ತೆಳು ಕಪ್ಪು ಚೀಲ ಬೇಡ, ಒಂದೇ ದಿನಕ್ಕೆ ತೂತಾಗುತ್ತದೆ. ಹೊಸ ಚೀಲಕ್ಕೆ ಮನೆಯಲ್ಲೇ ನೀರು ತುಂಬಿ ಎತ್ತಿ ಹಿಡಿದು ಪರೀಕ್ಷಿಸಿಕೊಳ್ಳಿ.

ಈ ಚೀಲದೊಳಗೆ ಇನ್ನೊಂದು ಸಣ್ಣ ಚೀಲ ಇರಲಿ. ಅದರಲ್ಲಿ ರಾತ್ರಿಯ ಬಟ್ಟೆ: ಪೂರ್ತಿ ತೋಳಿನ ಒಂದು ಅಂಗಿ, ಒಂದು ಪ್ಯಾಂಟ್, ಒಂದು ಜೊತೆ ಕಾಲುಚೀಲ, ಒಂದು ಉಣ್ಣೆ ಟೋಪಿ. ಈ ಜೊತೆಯ ಬಗ್ಗೆ ಒಂದೇ ಕಟ್ಟಳೆ, ಆದರೆ ಅದನ್ನು ಮುರಿಯಬೇಡಿ: ನೆತ್ತಿಯ ಮೇಲೊಂದು ಸೂರು ಸಿಗುವವರೆಗೆ ಈ ಚೀಲ ಬಿಚ್ಚಕೂಡದು. ಬೆಳಗ್ಗೆ ಎದ್ದಾಗ ಹಿಂದಿನ ದಿನದ ಒದ್ದೆ ಬಟ್ಟೆ ಮತ್ತೆ ಹಾಕಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ಅದನ್ನೇ ಹಾಕಿಕೊಳ್ಳಿ. ಐದು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ. ಒಣಬಟ್ಟೆ ಮುಂದಿನ ರಾತ್ರಿಗೂ ಉಳಿಯುತ್ತದೆ.

ಮೊಬೈಲ್, ಔಷಧಿ, ಬೆಂಕಿಪೊಟ್ಟಣ, ಗುರುತಿನ ಚೀಟಿಗೆ ಜಿಪ್ ಇರುವ ಗಟ್ಟಿ ಕವರುಗಳು ಸಾಕು. ಪವರ್ ಬ್ಯಾಂಕನ್ನು ಎರಡು ಕವರಿನಲ್ಲಿಡಿ.

ಮೈಗೆ ತಾಗುವ ಬಟ್ಟೆ

ಜೀನ್ಸ್ ಮತ್ತು ಕಾಟನ್ ಟೀಶರ್ಟ್ ಮಳೆಗಾಲದ ಚಾರಣಕ್ಕೆ ಬೇಡವೇ ಬೇಡ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಮೈಗೆ ಅಂಟುತ್ತದೆ, ಆ ತೇವದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಆಟೋಟಕ್ಕೆ ಹಾಕುವ ಪಾಲಿಯೆಸ್ಟರ್ ಟೀಶರ್ಟ್ ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ಎಲ್ಲ ಊರಿನಲ್ಲೂ ಸಿಗುತ್ತದೆ. ಹಿಂಡಿ ಕೊಡವಿದರೆ ಅದರ ಅರ್ಧ ನೀರು ಅಲ್ಲೇ ಹೋಗುತ್ತದೆ, ಉಳಿದರ್ಧ ಮೈಬಿಸಿಗೆ ಒಣಗುತ್ತದೆ. ಕೆಳಗೆ ತೆಳುವಾದ ಟ್ರ್ಯಾಕ್ ಪ್ಯಾಂಟ್ ಸಾಕು. ನಡೆಯುವಾಗ ಮಳೆ ಪ್ಯಾಂಟಿನ ಅಗತ್ಯ ಬೀಳುವುದು ಕಡಿಮೆ. ತೊಡೆ, ಮೊಣಕಾಲು ಸದಾ ಕೆಲಸ ಮಾಡುತ್ತಿರುವುದರಿಂದ ನೆನೆದರೂ ಅಷ್ಟು ತಣ್ಣಗಾಗುವುದಿಲ್ಲ.

ಇದರ ಮೇಲೆ ಹಾಕಲು ಒಂದು ಫ್ಲೀಸ್ ಇರಲಿ. ಫ್ಲೀಸ್ ಎಂದರೆ ತುಪ್ಪುಳಿನಂಥ ಪಾಲಿಯೆಸ್ಟರ್ ಸ್ವೆಟರ್. ನೀರು ಹೆಚ್ಚು ಹೀರುವುದಿಲ್ಲ, ಹಿಂಡಿ ಹಾಕಿಕೊಂಡರೂ ಒಂದಿಷ್ಟು ಬೆಚ್ಚಗಿಡುತ್ತದೆ. ಏರು ಹತ್ತುವಾಗ ಇದನ್ನು ಹಾಕಿಕೊಂಡರೆ ಬೆವರಿನಲ್ಲಿ ತೋಯುತ್ತದೆ. ನಿಂತಾಗ, ಊಟಕ್ಕೆ ಕೂತಾಗ ಹಾಕಿ. ಹೊರಡುವ ಮುಂಚೆ ತೆಗೆದು ಚೀಲಕ್ಕೆ ತುರುಕಿ. ಹೊರಟ ಮೊದಲ ಹತ್ತು ನಿಮಿಷ ತುಸು ಚಳಿ ಎನಿಸಿದರೆ ಬಟ್ಟೆಯ ಲೆಕ್ಕ ಸರಿಯಾಗಿದೆ ಎಂದರ್ಥ.

ಮನೆಯಲ್ಲಿ ಹಳೆಯ ಉಣ್ಣೆ ಸ್ವೆಟರ್ ಇದ್ದರೆ ಹೊಸ ಫ್ಲೀಸ್ ಕೊಳ್ಳಬೇಕಿಲ್ಲ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಒದ್ದೆ ಎನಿಸದೆ ಬೆಚ್ಚಗಿರುತ್ತದೆ. ಮಲೆನಾಡಿನ ಗದ್ದೆಗಳಲ್ಲಿ ತಲೆತಲಾಂತರದಿಂದ ಕಂಬಳಿಕೊಪ್ಪೆ ಬಾಳಿಬಂದದ್ದು ಈ ಗುಣದಿಂದ. ಕಂಬಳಿಯ ತೂಕ ಹೊತ್ತು ಬೆಟ್ಟ ಹತ್ತುವುದು ಕಷ್ಟ ನಿಜ. ಆದರೆ ಹೋಮ್‌ಸ್ಟೇಯ ಜಗಲಿಯಲ್ಲಿ ರಾತ್ರಿ ಕಳೆಯುವವರಿಗೆ ಒಂದು ಕರಿಕಂಬಳಿಗಿಂತ ಒಳ್ಳೆಯ ಹೊದಿಕೆ ಸಿಗಲಾರದು.

ಕಾಲು: ನೀರು ಒಳಬರಲಿ, ಹೊರಗೂ ಹೋಗಲಿ

ವಾಟರ್‌ಪ್ರೂಫ್ ಶೂ ಎಂದು ಹೆಚ್ಚು ದುಡ್ಡು ಕೊಡುವ ಮುಂಚೆ ಯೋಚಿಸಿ. ಹಳ್ಳ ದಾಟುವಾಗ ಶೂ ಬಾಯಿಯಿಂದಲೇ ನೀರು ನುಗ್ಗುತ್ತದೆ. ಕಾಲಿನಿಂದ ಇಳಿದ ಮಳೆನೀರು ಕಾಲುಚೀಲದ ಗುಂಟ ಒಳಗೆ ಸೇರುತ್ತದೆ. ಹೊರಗಿನ ನೀರು ತಡೆಯುವ ಪದರ ಒಳಗಿನ ನೀರನ್ನೂ ಬಿಡುವುದಿಲ್ಲ. ಬಲೆಬಟ್ಟೆಯ ಮಾಮೂಲಿ ಶೂ ಆದರೆ ನಾಲ್ಕು ಹೆಜ್ಜೆ ಇಟ್ಟರೆ ನೀರು ಪಿಚಕ್ಕನೆ ಹೊರಹೋಗುತ್ತದೆ. ದುಡ್ಡು ಕೊಡಬೇಕಾದದ್ದು ಅಟ್ಟೆಯ ಹಿಡಿತಕ್ಕೆ. ಅಟ್ಟೆಯಲ್ಲಿ ಆಳವಾದ ಗೆರೆಗಳಿರಲಿ, ರಬ್ಬರ್ ಮೆದುವಾಗಿರಲಿ. ಉಗುರಿನಿಂದ ಒತ್ತಿದರೆ ತುಸು ತಗ್ಗಬೇಕು. ಕಲ್ಲಿನಂತೆ ಗಟ್ಟಿಯಿರುವ ಅಟ್ಟೆ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿಸುತ್ತದೆ. ಕಾಫಿ ತೋಟದವರ ಗಮ್‌ಬೂಟು ತೋಟದ ಓಡಾಟಕ್ಕೆ ಚೆನ್ನ, ಕಡಿದಾದ ಬಂಡೆದಾರಿಗೆ ಅಲ್ಲ. ಒಳಗೆ ನೀರು ಸೇರಿದರೆ ಕಾಲು ಎತ್ತುವುದೇ ಭಾರ.

ಇಂಬಳದ (ಜಿಗಣೆಯ) ಕಾಟಕ್ಕೆ ಒತ್ತಾದ ನೇಯ್ಗೆಯ ಬಟ್ಟೆಯಿಂದ ಮೊಣಕಾಲುದ್ದದ ಚೀಲ ಹೊಲಿಸಿಕೊಳ್ಳಿ. ಊರಿನ ದರ್ಜಿಯೇ ಹೊಲಿದುಕೊಡುತ್ತಾರೆ. ಬಾಯಿಗೆ ಲಾಡಿ ಇರಲಿ, ಪ್ಯಾಂಟನ್ನು ಅದರೊಳಗೆ ಸೇರಿಸಿ ಕಟ್ಟಿ. ಮಾಮೂಲಿ ಕಾಲುಚೀಲದ ಹೆಣಿಗೆಯಲ್ಲಿ ಇಂಬಳ ಸಲೀಸಾಗಿ ತೂರುತ್ತದೆ. ಒತ್ತು ನೇಯ್ಗೆಯಲ್ಲಿ ತೂರಲಾರದು.

ದಿನವಿಡೀ ಒದ್ದೆಯಲ್ಲಿದ್ದ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಬಿರಿಯುತ್ತದೆ. ಬೆಳಗ್ಗೆ ಹೊರಡುವಾಗ ಬೆರಳ ಸಂದಿಗೂ ಹಿಮ್ಮಡಿಗೂ ವ್ಯಾಸಲೀನ್ ಸವರಿ. ರಾತ್ರಿ ಪಾದ ಒರೆಸಿ, ಒಣಗಿಸಿ, ಒಣ ಕಾಲುಚೀಲದಲ್ಲೇ ಮಲಗಿ.

ಸೂರು: ಟೆಂಟೋ ತಾಡಪಾಲೋ?

ಮೊದಲು ಒಂದು ಮಾತು. ಕರ್ನಾಟಕದ ರಕ್ಷಿತಾರಣ್ಯಗಳಲ್ಲಿ ಮನಬಂದಲ್ಲಿ ಡೇರೆ ಹೂಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಹೆಸರಾಂತ ಚಾರಣದ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆ ಜೋರಾದಾಗ ಹಲವು ಹಾದಿಗಳನ್ನು ಇಲಾಖೆ ಮುಚ್ಚುವುದೂ ಉಂಟು, ಹೊರಡುವ ಮುಂಚೆ ವಿಚಾರಿಸಿ. ಆದ್ದರಿಂದ ನಿಮ್ಮ ಟೆಂಟ್ ಏಳುವುದು ಬಹುಪಾಲು ಯಾವುದೋ ಮನೆಯ ಅಂಗಳದಲ್ಲಿ, ತೋಟದ ಅಂಚಿನಲ್ಲಿ, ಇಲ್ಲವೇ ಅನುಮತಿಯಿರುವ ಶಿಬಿರದಲ್ಲಿ. ವರ್ಷಕ್ಕೆ ಒಂದೆರಡು ಸಲ ಹೋಗುವವರು ಟೆಂಟ್ ಕೊಳ್ಳದೆ ಬಾಡಿಗೆಗೆ ತರುವುದೇ ಲಾಭ. ಬಾಡಿಗೆಯದನ್ನು ಅಂಗಡಿಯಲ್ಲೇ ಬಿಚ್ಚಿ ಕಂಬ, ಗೂಟ, ಜಿಪ್, ಹೊರಹೊದಿಕೆ ಎಲ್ಲ ಸರಿಯಿದೆಯೇ ನೋಡಿ.

ಅಗ್ಗದ ಟೆಂಟುಗಳಲ್ಲಿ ಬಹಳಷ್ಟು ಬೇಸಿಗೆಗೆ ಮಾಡಿದವು. ಅವುಗಳ ಹೊರಹೊದಿಕೆ ನೆತ್ತಿಯನ್ನಷ್ಟೇ ಮುಚ್ಚುತ್ತದೆ, ಅಡ್ಡಮಳೆಗೆ ಪಕ್ಕದ ಗೋಡೆಗಳೆಲ್ಲ ಒದ್ದೆ. ಕೊಳ್ಳುವುದಾದರೆ ಇಷ್ಟನ್ನು ನೋಡಿ: ಎರಡು ಪದರ ಇರಬೇಕು, ಹೊರಪದರ ನಾಲ್ಕೂ ಬದಿಗೆ ನೆಲದ ಹತ್ತಿರದವರೆಗೆ ಇಳಿಯಬೇಕು, ನೆಲದ ಬಟ್ಟೆ ಸುತ್ತ ಒಂದು ಗೇಣು ಮೇಲೆದ್ದು ಗೋಡೆಗೆ ಸೇರಬೇಕು, ಹೊಲಿಗೆಗಳ ಮೇಲೆ ಟೇಪ್ ಹಚ್ಚಿರಬೇಕು, ಬಾಗಿಲ ಮುಂದೆ ಒದ್ದೆ ಶೂ, ಬ್ಯಾಗ್ ಇಡುವಷ್ಟು ಮಾಡು ಚಾಚಿರಬೇಕು. ‘ಇಬ್ಬರ ಟೆಂಟ್’ ಎಂದು ಬರೆದಿದ್ದರೆ ಮಳೆಗಾಲದಲ್ಲಿ ಅದು ಒಬ್ಬರಿಗೂ ಅವರ ಸಾಮಾನಿಗೂ ಸರಿಹೋಗುತ್ತದೆ.

ಟೆಂಟಿನ ಮೇಲೆ 2000 ಮಿ.ಮೀ., 3000 ಮಿ.ಮೀ. ಎಂದು ಬರೆದಿರುವುದನ್ನು ನೋಡಿರುತ್ತೀರಿ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂಬುದು ಅದರ ಅರ್ಥ. 3000 ಎಂದರೆ ಮೂರು ಮೀಟರ್ ಎತ್ತರದ ನೀರು. ಹೊರಹೊದಿಕೆಗೆ 2000 ಸಾಕು. ನೆಲಕ್ಕೆ 3000ಕ್ಕಿಂತ ಹೆಚ್ಚಿದ್ದರೆ ಚೆನ್ನ, ಏಕೆಂದರೆ ಮೊಣಕಾಲೂರಿ ಕೂತಾಗ ನಮ್ಮ ಭಾರವೇ ನೀರನ್ನು ಮೇಲಕ್ಕೆ ಒತ್ತುತ್ತದೆ.

ಟೆಂಟ್ ಅಡಿಗೆ ಹಾಳೆ ಹಾಸುವುದಾದರೆ ಅದು ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಇಣುಕಿದರೆ ಗೋಡೆಯಿಂದ ಇಳಿದ ನೀರನ್ನೆಲ್ಲ ಹಿಡಿದು ನೇರ ನಿಮ್ಮ ಬೆನ್ನಡಿಗೆ ತರುತ್ತದೆ. ‘ಟೆಂಟ್ ಸೋರಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ಇನ್ನೊಂದು ಕಾರಣ ಉಸಿರು. ಮಲಗಿದವರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ ಮೇಲೆ ಬೀಳುತ್ತದೆ. ಮಳೆಯೆಂದು ಎಲ್ಲ ಕಿಂಡಿ ಮುಚ್ಚಿದಷ್ಟೂ ಈ ಹನಿ ಹೆಚ್ಚು. ಗಾಳಿಕಿಂಡಿ ತೆರೆದಿಡಿ, ಹೊರಪದರ ಒಳಪದರಕ್ಕೆ ತಾಗದಂತೆ ಹಗ್ಗ ಎಳೆದು ಬಿಗಿಯಿರಿ. ಟೆಂಟಿನೊಳಗೆ ಸ್ಟೌ ಹಚ್ಚಲೇಬೇಡಿ. ಬೆಂಕಿಯ ಭಯ ಒಂದು ಕಡೆ, ಕಣ್ಣಿಗೆ ಕಾಣದ ವಿಷಾನಿಲದ ಭಯ ಇನ್ನೊಂದು ಕಡೆ.

ಇನ್ನು ತಾಡಪಾಲು. ಎಲ್ಲಕ್ಕಿಂತ ಕಡಿಮೆ ದುಡ್ಡಿಗೆ ಹೆಚ್ಚು ಒಣಜಾಗ ಕೊಡುವುದು ಇದೇ. ಇದರ ಲೆಕ್ಕ ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು. 3 ಮೀಟರ್ ಉದ್ದ, 3 ಮೀಟರ್ ಅಗಲದ 120 ಜಿಎಸ್‌ಎಂ ತಾಡಪಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಲಾರಿಗೆ ಹೊದಿಸುವಂಥ 250 ಜಿಎಸ್‌ಎಂನದು ಎರಡೂಕಾಲು ಕಿಲೋ. ಚಾರಣಕ್ಕೆ ತೆಳುವಾದದ್ದೇ ಸಾಕು, ಅಂಚಿನ ಲೋಹದ ಕಣ್ಣುಗಳು ಗಟ್ಟಿಯಿದ್ದರಾಯಿತು. ಅಗ್ಗದ ಟೆಂಟಿನ ಮೇಲೆ ಇದೊಂದನ್ನು ಎಳೆದು ಕಟ್ಟಿದರೆ ಟೆಂಟಿನ ಅರ್ಧ ಕುಂದು ಮುಚ್ಚಿಹೋಗುತ್ತದೆ.

ಕಟ್ಟುವಾಗ ಒಂದು ಬದಿ ತಗ್ಗಿಸಿ, ಗಾಳಿ ಬರುವ ಕಡೆಗೆ ಆ ತಗ್ಗು ಬದಿ ಇರಲಿ. ನಡುವೆ ನೀರು ಮಡುಗಟ್ಟಬಾರದು. ನೆತ್ತಿಯ ಹಗ್ಗ ಮರದಿಂದ ಮರಕ್ಕೆ ತಾಡಪಾಲಿನ ಅಡಿಯಲ್ಲಿ ಹಾದುಹೋಗಿದ್ದರೆ ಮಳೆನೀರು ಮರದ ಕಾಂಡದಿಂದ ಹಗ್ಗ ಹಿಡಿದು ಒಳಗೇ ಬಂದು ತೊಟ್ಟಿಕ್ಕುತ್ತದೆ. ಅದಕ್ಕೆ ತಾಡಪಾಲಿನ ಅಂಚಿಗೆ ಒಂದು ಗೇಣು ಮುಂಚೆ, ಎರಡೂ ಕಡೆ, ಹಗ್ಗಕ್ಕೆ ಗೋಣಿದಾರದ ಸಣ್ಣ ತುಂಡೊಂದನ್ನು ಕಟ್ಟಿ ಇಳಿಬಿಡಿ. ಹಗ್ಗದ ಮೇಲೆ ಬಂದ ನೀರು ಆ ದಾರ ಹಿಡಿದು ಹೊರಗೇ ಇಳಿದುಹೋಗುತ್ತದೆ.

ಜಾಗ ಆರಿಸುವುದು ಸಾಮಾನಿಗಿಂತ ಮುಖ್ಯ. ಹಳ್ಳದ ಬದಿ ಬೇಡ, ತಗ್ಗು ಬೇಡ, ಒಣಗಿದ ಕೊಂಬೆ ತೂಗುವ ಮರದಡಿ ಬೇಡ, ಬೋಳುನೆತ್ತಿ ಬೇಡ. ಗುಡುಗು ಕೇಳಿದರೆ ಟೆಂಟಾಗಲಿ ತಾಡಪಾಲಾಗಲಿ ಸಿಡಿಲಿನಿಂದ ಕಾಪಾಡುವುದಿಲ್ಲ; ಗಟ್ಟಿ ಕಟ್ಟಡ ಅಥವಾ ಕಾರಿನೊಳಗೆ ಸೇರಿಕೊಳ್ಳಿ.

ಕೊನೆಗೆ ಮೇಲುಹೊದಿಕೆ: ಕೊಪ್ಪೆ, ಪಾಂಚೋ, ಜಾಕೆಟ್

ಮಲೆನಾಡಿನ ನಾಟಿ ಗದ್ದೆಯಲ್ಲಿ ಗೊರಬು ಹೊತ್ತವರನ್ನು, ಈಗ ಪ್ಲಾಸ್ಟಿಕ್ ಕೊಪ್ಪೆ ಹೊತ್ತವರನ್ನು ನೋಡಿ. ತಲೆ, ಬೆನ್ನು ಮುಚ್ಚಿರುತ್ತದೆ. ಮುಂದೆ, ಬದಿಯಲ್ಲಿ ಗಾಳಿಯಾಡುತ್ತದೆ. ದುಡಿಯುವ ಮೈಗೆ ಬೇಕಾದ ಮಳೆಹೊದಿಕೆಯ ಸೂತ್ರ ಅದರಲ್ಲಿ ಪೂರ್ತಿಯಾಗಿದೆ. ಅದೇ ಸೂತ್ರದ ಇಂದಿನ ರೂಪ ಪಾಂಚೋ. ತಲೆಗೆ ಟೋಪಿಯಿದ್ದು, ಮೈಮೇಲೆ ಇಳಿಬೀಳುವ ಅಗಲವಾದ ಹೊದಿಕೆ. ಬ್ಯಾಗನ್ನೂ ಒಳಗೇ ಮುಚ್ಚುತ್ತದೆ, ಕೆಳಗಿನಿಂದ ಗಾಳಿಯಾಡುವುದರಿಂದ ಬೆವರು ಕಟ್ಟುವುದಿಲ್ಲ. ಐನೂರರಿಂದ ಒಂದೂವರೆ ಸಾವಿರದೊಳಗೆ ಬಾಳಿಕೆಯದು ಸಿಗುತ್ತದೆ. ಕಾಡುದಾರಿಗೆ, ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ನೆತ್ತಿಯ ಗಾಳಿಗೆ ಪಟಪಟನೆ ಹಾರುವುದು ಇದರ ದೋಷ. ಸೊಂಟಕ್ಕೆ ಒಂದು ಹಗ್ಗ ಬಿಗಿದರೆ ಅರ್ಧ ಹತೋಟಿಗೆ ಬರುತ್ತದೆ. ಕಡಿದಾದ ಇಳಿಜಾರಿನಲ್ಲಿ ಮುಂಭಾಗ ಎತ್ತಿ ಸಿಕ್ಕಿಸಿಕೊಳ್ಳಿ, ಹೆಜ್ಜೆ ಕಾಣಬೇಕು. ಬೈಕಿನ ಮೇಲೆ ಮಾತ್ರ ಪಾಂಚೋ ಹಾಕಬೇಡಿ, ಚಕ್ರಕ್ಕೆ ಸಿಕ್ಕರೆ ಜೀವಕ್ಕೇ ಅಪಾಯ.

ಬೈಕ್ ಸವಾರರ ದಪ್ಪ ರೇನ್‌ಕೋಟ್ ನೀರನ್ನೇನೋ ಪೂರ್ತಿ ತಡೆಯುತ್ತದೆ. ಆದರೆ ಏರು ಹತ್ತುವವರಿಗೆ ಅದರೊಳಗೆ ಉಸಿರುಕಟ್ಟುತ್ತದೆ. ಇರುವುದು ಅದೊಂದೇ ಆದರೆ ಮುಂದಿನ ಜಿಪ್ ತೆರೆದು ನಿಧಾನ ನಡೆಯಿರಿ, ನಿಂತಾಗ ಮುಚ್ಚಿಕೊಳ್ಳಿ. ಛತ್ರಿಯನ್ನು ಕಡೆಗಣಿಸಬೇಡಿ, ಗಾಳಿಯಿಲ್ಲದ ಕಾಡಿನ ಅಗಲ ದಾರಿಯಲ್ಲಿ, ಶಿಬಿರದ ಸುತ್ತ ಓಡಾಡುವಾಗ ಅದರಷ್ಟು ಹಿತವಾದದ್ದು ಇಲ್ಲ.

ಗಾಳಿಯ ಬೋಳುಬೆಟ್ಟಗಳಿಗೆ ಮತ್ತೆ ಮತ್ತೆ ಹೋಗುವವರಾದರೆ ಜಾಕೆಟ್ ಬೇಕು. ಅದಕ್ಕೂ ಎರಡರಿಂದ ನಾಲ್ಕು ಸಾವಿರ ಸಾಕು. ಅಂಗಡಿಯಲ್ಲಿ ಜಾಕೆಟ್ಟನ್ನು ಒಳಮಗ್ಗುಲಿಗೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಹೆಗಲು, ಕಂಕುಳು, ಟೋಪಿಯ ಹೊಲಿಗೆಗಳ ಮೇಲೆ ಬೆರಳಗಲದ ಹೊಳೆಯುವ ಪಟ್ಟಿ ಒಂದೇ ಸಮ ಅಂಟಿರಬೇಕು. ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ಏಳುತ್ತದೆಂದರೆ ಆ ಜಾಕೆಟ್ ಬೇಡ. ಪಟ್ಟಿಯೇ ಇಲ್ಲದಿದ್ದರೆ ಅದು ಗಾಳಿ ತಡೆಯುವ ವಿಂಡ್‌ಚೀಟರ್. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಸೂಜಿ ಹೋದ ಪ್ರತಿ ತೂತಿನಿಂದಲೂ ನೀರು ಬರುತ್ತದೆ. ‘ವಾಟರ್ ರೆಸಿಸ್ಟೆಂಟ್’ ಎಂಬ ಬರಹ ತುಂತುರಿಗೆ ಮಾತ್ರ ಸಲ್ಲುತ್ತದೆ, ಜಡಿಮಳೆಗೆ ‘ವಾಟರ್‌ಪ್ರೂಫ್’ ಎಂದೇ ಇರಬೇಕು. ನೀರು ತಡೆಯುವ ಅಳತೆ 5000 ಮಿ.ಮೀ. ಮೇಲಿದ್ದರೆ ಸಾಕು, ಬ್ಯಾಗಿನ ಪಟ್ಟಿ ಒತ್ತುವ ಹೆಗಲಿಗೆ ಇಷ್ಟು ಬೇಕು. ಉಸಿರಾಟದ ಅಂಕಿಗಿಂತ ಕಂಕುಳಲ್ಲಿ ತೆರೆಯುವ ಜಿಪ್ ಇದೆಯೇ ನೋಡಿ, ನಮ್ಮ ತೇವದಲ್ಲಿ ಬೆವರು ಹೊರಹಾಕುವ ದಾರಿ ಅದೇ. ಟೋಪಿಗೆ ಮುಂಚಾಚಿದ ಅಂಚು, ಬಿಗಿಯುವ ದಾರ ಇರಲಿ. ತೋಳಿನ ತುದಿ ಬಿಗಿಯುವಂತಿರಲಿ. ಫ್ಲೀಸ್ ಹಾಕಿಕೊಂಡೇ ಜಾಕೆಟ್ ತೊಟ್ಟು ನೋಡಿ, ಕೈ ಮೇಲೆತ್ತಿದಾಗ ಸೊಂಟ ಬಯಲಾಗಬಾರದು.

ಹಿಮಾಲಯಕ್ಕೆ ಹೊರಟವರಿಗೆ

ಮೇಲಿನ ಲೆಕ್ಕ ಘಟ್ಟದ್ದು. 4,000 ಮೀಟರ್ ಎತ್ತರದಲ್ಲಿ ಕಥೆ ಬೇರೆ. ಅಲ್ಲಿ ಪಾಂಚೋ ಸಾಲದು. ಗಾಳಿ, ಹಿಮ ಎರಡನ್ನೂ ತಡೆಯುವ ಜಾಕೆಟ್, ಮಳೆ ಪ್ಯಾಂಟ್, ದಪ್ಪ ಬೆಚ್ಚನೆಯ ಕೋಟು, ಎರಡು ಜೊತೆ ಕೈಗವಸು ಬೇಕೇ ಬೇಕು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದ ಚಾರಣ ತಂಡದ ಒಂಬತ್ತು ಮಂದಿ ಜೀವ ಕಳೆದುಕೊಂಡರು. ಬೇಸಿಗೆಯ ತಿಂಗಳಲ್ಲೂ ಅಲ್ಲಿನ ಹವಾಮಾನ ಹೇಗೆ ತಿರುಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠಿಣ ಎಚ್ಚರಿಕೆ ಬೇಕಿಲ್ಲ. ದುಬಾರಿ ಬಟ್ಟೆ ಕೊಳ್ಳಲಾಗದಿದ್ದರೆ ಬಾಡಿಗೆಗೆ ತನ್ನಿ. ಒಂದೂ ಕಡಿಮೆ ಮಾಡಿಕೊಂಡು ಹೊರಡಬೇಡಿ.

ಚಳಿ ಹೊಕ್ಕಿದೆಯೆಂದು ಗುರುತಿಸುವುದು

ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಜೊತೆಯವರಲ್ಲಿ ಯಾರಾದರೂ ತಡೆಯಲಾರದೆ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಹೆಜ್ಜೆ ಎಡವುತ್ತಿದ್ದರೆ, ಜಿಪ್ ಹಾಕಲೂ ಬೆರಳು ಆಡದಿದ್ದರೆ ಅಲ್ಲೇ ನಿಲ್ಲಿ. ಗಾಳಿಯಿಂದ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ರಾತ್ರಿಯ ಚೀಲ ಬಿಚ್ಚಿಯಾದರೂ ಒಣದು ತೊಡಿಸಿ, ತಲೆ ಮುಚ್ಚಿ, ಕೆಳಗೆ ಬ್ಯಾಗ್ ಹಾಸಿ ಕೂರಿಸಿ. ನೆಲದ ತಂಪು ಮೈಯ ಬಿಸಿ ಎಳೆಯುತ್ತದೆ. ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಬಿಸಿ ಸಿಹಿ ಪಾನೀಯ, ಬೆಲ್ಲ ಕೊಡಿ. ಮದ್ಯ ಕೊಡಕೂಡದು, ಅದು ಇನ್ನಷ್ಟು ಶಾಖ ಹೊರಹಾಕುತ್ತದೆ. ಇನ್ನೂ ಚಳಿಯಲ್ಲೇ ಇರುವಾಗ ನಡುಕ ತಾನಾಗಿ ನಿಂತರೆ, ಮಂಕು ಕವಿದರೆ ಅದು ಗುಣವಾದ ಲಕ್ಷಣವಲ್ಲ. ಕೂಡಲೇ ವೈದ್ಯರ ನೆರವು ಬೇಕು. ಬೆಳ್ಳಿಬಣ್ಣದ ತೆಳು ತುರ್ತುಹೊದಿಕೆ ನೂರು ಗ್ರಾಂ ಕೂಡ ತೂಗುವುದಿಲ್ಲ. ತಂಡಕ್ಕೆ ಎರಡಾದರೂ ಇರಲಿ.

ಬಾಳಿಕೆ ನಿಮ್ಮ ಕೈಯಲ್ಲಿ

ಅಗ್ಗದ ಸಾಮಾನು ಬೇಗ ಹಾಳಾಗುತ್ತದೆ ಎನ್ನುತ್ತಾರೆ. ಹಾಳುಮಾಡುವುದು ಹೆಚ್ಚಾಗಿ ತೇವ. ಒದ್ದೆ ಟೆಂಟನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಪಾಲಿಯುರೆಥೇನ್ (ಪಿಯು) ಲೇಪ ಅಂಟಂಟಾಗಿ, ನಾತ ಬಂದು, ಹೊಟ್ಟಿನಂತೆ ಉದುರುತ್ತದೆ. ಮನೆಗೆ ಬಂದ ದಿನವೇ ಗಾಳಿಯಾಡುವ ನೆರಳಿನಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಸುತ್ತಿಡಿ. ಒಲೆಯ ಹತ್ತಿರ ಒಣಹಾಕಬೇಡಿ, ನೈಲಾನ್ ಕರಗುತ್ತದೆ.

ಜಾಕೆಟ್ ಹೊಸದರಲ್ಲಿ ಹನಿಗಳು ಮಣಿಗಟ್ಟಿ ಜಾರುತ್ತವೆ. ಬರಬರುತ್ತ ಹೊರಬಟ್ಟೆ ನೀರು ಕುಡಿಯತೊಡಗುತ್ತದೆ, ಜಾಕೆಟ್ ಸೋರಿತೆಂದು ನಾವು ಎಸೆಯುತ್ತೇವೆ. ಸವೆದಿರುವುದು ಮೇಲಿನ ನೀರುಜಾರು ಲೇಪ ಮಾತ್ರ. ಬಟ್ಟೆ ಮೆದುಮಾಡುವ ದ್ರವ ಬಳಸದೆ ಸೌಮ್ಯ ಸೋಪಿನಲ್ಲಿ ತೊಳೆದು, ಹಲವು ಸಲ ಜಾಲಾಡಿಸಿ. ಲೇಬಲ್ಲಿನಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಆಡಿಸಿ. ಲೇಪ ಮತ್ತೆ ಚುರುಕಾಗುತ್ತದೆ. ಆಗದಿದ್ದರೆ ಸ್ಪ್ರೇ ರೂಪದ ಲೇಪ ಸಿಗುತ್ತದೆ.

ಮೂರು ಸಾವಿರದಲ್ಲಿ ಮೊದಲ ಮಳೆಗಾಲ

ಊರು, ಅಂಗಡಿ ನೋಡಿ ಬೆಲೆ ಹೆಚ್ಚುಕಮ್ಮಿ ಆಗುತ್ತದೆ. ಆದರೂ ದಪ್ಪ ಚೀಲ ಎರಡು, ಪಾಲಿಯೆಸ್ಟರ್ ಟೀಶರ್ಟ್, ಟ್ರ್ಯಾಕ್ ಪ್ಯಾಂಟ್, ಫ್ಲೀಸ್, ಇಂಬಳದ ಚೀಲ, ಪಾಂಚೋ, ತುರ್ತುಹೊದಿಕೆ ಇಷ್ಟೂ ಸುಮಾರು ಮೂರು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಮನೆಯಲ್ಲಿ ಸ್ವೆಟರ್, ಆಟದ ಬಟ್ಟೆ ಇದ್ದವರಿಗೆ ಇದರ ಅರ್ಧ ಸಾಕು. ಎರಡನೇ ವರ್ಷಕ್ಕೆ ಒಳ್ಳೆಯ ಅಟ್ಟೆಯ ಶೂ, ತೆಳು ತಾಡಪಾಲು. ಮೂರನೇ ವರ್ಷವೂ ಬೆಟ್ಟ ಕರೆದರೆ ಆಗ ಜಾಕೆಟ್.

ಕೈಯಲ್ಲಿ ಇನ್ನೂ ದುಡ್ಡು ಉಳಿದಿದ್ದರೆ ಅದನ್ನು ಇನ್ನೂ ದುಬಾರಿ ಜಾಕೆಟ್ ಕೊಳ್ಳಲು ಬಳಸಬೇಡಿ. ಒಂದು ಹೆಚ್ಚಿನ ಪಾಂಚೋ, ಒಂದು ಹೆಚ್ಚಿನ ಫ್ಲೀಸ್ ಕೊಂಡು ಬ್ಯಾಗಿನಲ್ಲಿಡಿ. ಬೆಟ್ಟದ ಮೇಲೆ ತಂಡದ ವೇಗವನ್ನೂ ಕ್ಷೇಮವನ್ನೂ ನಿರ್ಧರಿಸುವುದು ಅತಿ ಕಡಿಮೆ ಸಜ್ಜಾಗಿ ಬಂದವರು. ಅವರು ಬಹುಪಾಲು ಹೊಸಬರು, ಕೇಳಲು ಸಂಕೋಚಪಡುವ ವಿದ್ಯಾರ್ಥಿಗಳು. ಹೊರಡುವ ಹಿಂದಿನ ಸಂಜೆ ಎಲ್ಲರ ಬ್ಯಾಗನ್ನೂ ಒಂದೆಡೆ ಬಿಚ್ಚಿಸಿ, ಒಣಬಟ್ಟೆಯ ಚೀಲ ಎಲ್ಲರಲ್ಲೂ ಇದೆಯೇ ಎಂದು ನೋಡಿ. ಇಲ್ಲದವರಿಗೆ ಅಲ್ಲೇ ಒದಗಿಸಿ. ಮಳೆಗಾಲದ ಚಾರಣಕ್ಕೆ ತಂಡ ಕಟ್ಟುವವರು ಮಾಡಲೇಬೇಕಾದ ಮೊದಲ ಕೆಲಸ ಇದು.